ನರಿ ಮೇಷ್ಟ್ರ ಇಂಗ್ಲಿಷ್ ಪಾಠ

ಒಂದು ಕಾಡಿನಲ್ಲಿ ಹೊನ್ನಿ ಎಂಬ ಜಿಂಕೆ ಇತ್ತು. ಅದಕ್ಕೆ ಒಂದೇ ಒಂದು ಮರಿ, ಹೆಸರು ಚುಕ್ಕಿ. ಆ ಕಾಡಿನ ಜಿಂಕೆಗಳೆಲ್ಲ ಬದುಕಿದ್ದು ಮುಸುವಜ್ಜನ ಪುಣ್ಯದಿಂದ. ಮರದ ತುದಿಯಲ್ಲಿ ಕೂತ ಆ ಮುದಿ ಕೋತಿ, ಚಿರತೆಯನ್ನು ಕಂಡೊಡನೆ "ಖಕ್! ಖಕ್!" ಎಂದು ಕೂಗುತ್ತಿತ್ತು. ಜಿಂಕೆಗಳು ಓಡಿ ಜೀವ ಉಳಿಸಿಕೊಳ್ಳುತ್ತಿದ್ದವು.

ಒಮ್ಮೆ ಅಲ್ಲಿಗೊಂದು ನರಿ ಬಂತು. ಪಟ್ಟಣದ ಶಾಲೆಯ ಹಿತ್ತಲಲ್ಲಿ ಎಂಜಲು ತಿನ್ನುತ್ತ, ಕಿಟಕಿಯಾಚೆ ನಿಂತು ನಾಲ್ಕು ಇಂಗ್ಲಿಷ್ ಮಾತು ಕಲಿತಿತ್ತು. ಅಷ್ಟಕ್ಕೇ ಮೇಷ್ಟ್ರಾಗಿಬಿಟ್ಟಿತು! ಚಿರತೆಯ ಜೊತೆ ಗುಟ್ಟಾಗಿ ಮಾತಾಡಿಕೊಂಡಿತು: ಬೇಟೆ ಚಿರತೆಗೆ, ಮಿಕ್ಕಿದ್ದು ತನಗೆ. ಆಮೇಲೆ ಜಿಂಕೆಮರಿಗಳನ್ನೂ ತಾಯಂದಿರನ್ನೂ ಸುತ್ತ ಕೂರಿಸಿಕೊಂಡು ಪಾಠ ಶುರು ಮಾಡಿತು.

"ಮಕ್ಕಳೇ, ಹಿಯರ್ ಅಂದರೂ ಕೇಳುವುದು, ಲಿಸನ್ ಅಂದರೂ ಕೇಳುವುದು. ಆದರೆ ಎರಡೂ ಒಂದೇ ಅಲ್ಲ. ಸದ್ದು ತಾನಾಗಿ ಕಿವಿಗೆ ಬಿದ್ದರೆ ಹಿಯರ್. ಮನಸ್ಸಿಟ್ಟು ಕೇಳಿದರೆ ಲಿಸನ್. ಯಾರ ಮಾತು ಅಂತ ಹೇಳುವಾಗ ಲಿಸನ್ ಹಿಂದೆ 'ಟು' ಅನ್ನುವ ಬಾಲ ಬೇಕೇ ಬೇಕು. ಹಿಯರ್‌ಗೆ ಆ ಬಾಲ ಬೇಡ."

"ಯಾರ ಮಾತನ್ನು ಲಿಸನ್ ಮಾಡಬೇಕು, ಮೇಷ್ಟ್ರೇ?" ಎಂದಿತು ಚುಕ್ಕಿ.

"ನನ್ನ ಮಾತನ್ನು! ಗಾಳಿ, ಗುಡುಗು, ಕೋತಿಯ ಕೂಗು, ಇವೆಲ್ಲ ಬರೀ ಹಿಯರ್. ಅದಕ್ಕೆಲ್ಲ ಎದ್ದು ಓಡುವವರು ದಡ್ಡರು."

ಮಗಳ ಜಾಣತನ ಕಂಡು ಹೊನ್ನಿ ಹಿರಿಹಿರಿ ಹಿಗ್ಗಿತು.

ಮರುದಿನ ಪಾಠದ ನಡುವೆ "ಖಕ್! ಖಕ್!" ಕೇಳಿಸಿತು. ಹೊನ್ನಿ ದಡಕ್ಕನೆ ಎದ್ದಿತು.

"ಚುಕ್ಕಿ, ಏಳೇ!"

"ಸುಮ್ಮನಿರಮ್ಮ, ಅದು ಬರೀ ಹಿಯರ್. ಎಲ್ಲರೂ ನಗ್ತಾರೆ."

ಹೊನ್ನಿ ನಾಚಿ ಕೂತಿತು. ಹುಲ್ಲು ಅಲುಗಿತು. ಜಿಂಕೆಗಳು ದಿಕ್ಕಾಪಾಲಾದವು. ತಿರುಗಿ ನೋಡಿದರೆ ಚುಕ್ಕಿ ಇರಲಿಲ್ಲ.

ಸಂಜೆ ನರಿ ಬಂದು ಮೊಸಳೆ ಕಣ್ಣೀರು ಸುರಿಸಿತು. "ಹಣೆಬರಹ ತಾಯಿ, ಏನು ಮಾಡೋದು?" ಅದರ ಮೀಸೆಯಲ್ಲಿ ನೆತ್ತರಿತ್ತು. ಹೊನ್ನಿ ಅದನ್ನು ಕಂಡಿತು. ಆ ರಾತ್ರಿಯೇ ಹಿಂಡನ್ನು ಕರೆದುಕೊಂಡು ಹೊಳೆಯಾಚೆ ಹೋಯಿತು.

ಮಾರನೆಯ ದಿನ ಪಾಠಕ್ಕೆ ಒಬ್ಬರೂ ಇಲ್ಲ. "ಬನ್ನಿ ಮಕ್ಕಳೇ, ಬನ್ನಿ!" ನರಿ ಗಂಟಲು ಹರಿಯುವಂತೆ ಕೂಗಿತು. ಮುಸುವಜ್ಜನಿಗೆ ಕೇಡು ಬಯಸಿ ಗೊತ್ತಿರಲಿಲ್ಲ.

"ಖಕ್! ಖಕ್! ಓಡೋ ನರಿಯಪ್ಪ! ಚಿರತೆ ಹಸಿದು ಬಂದಿದೆ, ನಿನ್ನ ಬೆನ್ನ ಹಿಂದೆಯೇ ಇದೆ!"

"ಹೋಗೋ ಮುದಿಯ," ಎಂದು ನರಿ ನಕ್ಕಿತು. "ನಿನ್ನ ಕೂಗು ನನಗೆ ಬರೀ ಹಿಯರ್. ಚಿರತೆ ನನ್ನ ಗೆಳೆಯ..."

ಹಸಿದ ಹೊಟ್ಟೆಗೆ ಎಲ್ಲಿಯ ಗೆಳೆತನ? ಮಾತು ಮುಗಿಯುವ ಮೊದಲೇ ನರಿಯ ಕತ್ತು ಮುರಿದಿತ್ತು.

ನರಿಯ ಕೊನೆಯ ಚೀರಾಟ ಹೊಳೆಯಾಚೆಗೂ ಕೇಳಿಸಿತು. ಹೊನ್ನಿಯ ಹೊಟ್ಟೆಯ ಉರಿ ಆರಲಿಲ್ಲ. ಈಗಲೂ ಮುಸುವಜ್ಜನ ಕೂಗು ಹೊಳೆ ದಾಟಿ ಬಂದರೆ ಹೊನ್ನಿ ಎಲ್ಲರಿಗಿಂತ ಮೊದಲು ಏಳುತ್ತದೆ. ಆದರೆ ಓಡುವ ಮೊದಲು ಒಮ್ಮೆ ತಿರುಗಿ, "ಚುಕ್ಕಿ, ಏಳೇ" ಎನ್ನುತ್ತದೆ.

ನೀತಿ: ಜೀವ ಕಾಯುವ ಕೂಗಿಗೆ ಕಿವಿ ಮುಚ್ಚಿಸುವ ವಿದ್ಯೆ ವಿದ್ಯೆಯಲ್ಲ, ಅದು ಕಲಿತವರನ್ನು ಕೊಲ್ಲುತ್ತದೆ, ಕಲಿಸಿದವನನ್ನೂ ಬಿಡುವುದಿಲ್ಲ.