ಪಟ್ಟದ ಕೋಟು ಬಿಚ್ಚಿದ ಕೂಲಿ

೧೯೧೨ನೇ ಇಸವಿ ಫೆಬ್ರವರಿ ಆರು, ಮಂಗಳವಾರ. ಮೋಡವಿರಲಿಲ್ಲ, ಒಣ ಬಿಸಿಲು.

ಬೆಳ್ಳಟ್ಟಿ ಸಂಸ್ಥಾನದ ದೊರೆ ಸರ್ಜಪ್ಪ ನಾಯಕರು ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಗುಡುಗಿದರು: "ಆರ್ ಅಕ್ಷರದವರೆಗೆ ಬಂದಿದ್ದೇವೆ! ರಿಪೇರ್, ರೆನೊವೇಟ್, ರೆಸ್ಟೋರ್, ರಿನ್ಯೂ. ಒಂದೇ ಕೆಲಸಕ್ಕೆ ನಾಲ್ಕು ಮಾತು. ಈ ಇಂಗ್ಲಿಷರು ದುಂದುಗಾರರಪ್ಪ!"

"ನಾಲ್ಕೂ ಬೇರೆ ಬೇರೆ, ಪ್ರಭು" ಎಂದ ವಿದೂಷಕ ಕೋನಪ್ಪ.

"ಬೇರೆಯೋ? ಸಂಜೆಯೊಳಗೆ ಕಣ್ಣಿಗೆ ಕಾಣುವ ಹಾಗೆ ತೋರಿಸು. ಇಲ್ಲವಾದರೆ ಆ ಮುದುಕನ ಜೊತೆ ನೀನೂ ಗಂಟುಮೂಟೆ ಕಟ್ಟು."

ಮುದುಕನೆಂದರೆ ಅರಮನೆಯ ದರ್ಜಿ ತುಕ್ಕಪ್ಪ. ಅವನ ನೌಕರಿಯ ಸನ್ನದು ಅಂದು ಮಧ್ಯಾಹ್ನ ಮೂರಕ್ಕೆ ಮುಗಿಯುತ್ತಿತ್ತು. ದೊರೆಗೆ ಅವನ ಜಾಗಕ್ಕೆ ಪುಣೆಯ ದರ್ಜಿಯನ್ನು ತರಿಸುವ ಹುಚ್ಚು. ಮನೆಯೂ ಅನ್ನವೂ ಅರಮನೆಯದೇ ಆಗಿದ್ದ ತುಕ್ಕಪ್ಪ ಬಾಗಿಲ ಬಳಿ ಟೇಪು ಸುತ್ತುತ್ತ, ಬಿಚ್ಚುತ್ತ ನಿಂತಿದ್ದ.

"ತೋರಿಸಲು ತಮ್ಮ ಪಟ್ಟದ ಕೋಟು ಬೇಕು" ಎಂದ ಕೋನಪ್ಪ.

"ನಾಲ್ಕಕ್ಕೆ ರೆಸಿಡೆಂಟ್ ಸಾಹೇಬರು ಬರುತ್ತಾರೆ. ಅದನ್ನೇ ತೊಡಬೇಕು. ಹುಷಾರು!"

ಮೂರೂವರೆಗೆ ಕೋಟು ಬಂತು.

"ಹರಿದ ಮೊಣಕೈ ಹೊಲಿದಿದೆ. ಇದು ರಿಪೇರ್" ಎಂದ ಕೋನಪ್ಪ.

"ಹ್ಞೂಂ."

"ಒಳಗೆ ಹೊಸ ರೇಷ್ಮೆ, ಮುಂದೆ ಹೊಸ ಗುಂಡಿ. ಇದು ರೆನೊವೇಟ್. ರೆಸ್ಟೋರ್ ಅಂದರೆ ಮೊದಲು ಹೇಗಿತ್ತೋ ಹಾಗೇ ಮಾಡುವುದು. ತೊಟ್ಟು ನೋಡಬೇಕು."

ಪಟ್ಟವಾಗಿ ಇಪ್ಪತ್ತು ವರ್ಷ. ದೊರೆ ದಪ್ಪಗಾದ ಹಾಗೆಲ್ಲ ತುಕ್ಕಪ್ಪ ಬೆನ್ನಿಗೂ ಎರಡು ಪಕ್ಕಕ್ಕೂ ಗುಟ್ಟಾಗಿ ಬಟ್ಟೆ ಸೇರಿಸುತ್ತ ಬಂದಿದ್ದ. ಅಂದು ಮೂರು ಹೊಡೆಯುವ ಮೊದಲೇ ಎಲ್ಲವನ್ನೂ ಕಿತ್ತು ಹಾಕಿದ್ದ.

ನಾಲ್ವರು ಸೇವಕರು ಎಳೆದೆಳೆದು ಗುಂಡಿ ಹಾಕಿದರು. ಹಾಕಿದ ಗುಂಡಿ ಮತ್ತೆ ಎಷ್ಟು ತಿಣುಕಿದರೂ ಬಿಚ್ಚಿಕೊಳ್ಳಲಿಲ್ಲ. ದೊರೆಯ ಕೈಗಳು ಬೆದರುಬೊಂಬೆಯಂತೆ ಅಡ್ಡ ನಿಂತವು. ಮುಖ ಬದನೆಕಾಯಿಯಾಯಿತು.

"ಇದೇನೋ ಇದು!"

"ಪಟ್ಟದ ದಿನದ ಕೋಟು, ಪ್ರಭು. ಅದು ರೆಸ್ಟೋರ್ ಆಗಿದೆ. ಪ್ರಭುಗಳು ಮಾತ್ರ ಆಗಿಲ್ಲ."

ಹೊರಗೆ ಸಾಹೇಬರ ಸಾರೋಟಿನ ಸದ್ದು ಕೇಳಿಸಿತು.

"ತುಕ್ಕಪ್ಪಾ! ಹೊಲಿಗೆ ಬಿಚ್ಚೋ!"

ತುಕ್ಕಪ್ಪ ಗಡಿಯಾರ ನೋಡಿದ. "ಮೂರು ದಾಟಿತು, ಬುದ್ಧಿ. ಸನ್ನದಿಲ್ಲದವನು ಅರಮನೆ ಬಟ್ಟೆಗೆ ಕತ್ತರಿ ಹಾಕಿದರೆ ತಾವೇ ಸೆರೆಮನೆಗೆ ಕಳಿಸುತ್ತೀರಿ."

"ಲೋ ಕೋನಪ್ಪ, ನೀನಾದರೂ ಹೇಳೋ!"

"ನಾಲ್ಕನೆಯದು ಉಳಿದಿದೆ, ಪ್ರಭು. ರಿನ್ಯೂ. ಮುಗಿದ ಅವಧಿಯನ್ನು ಮುಂದುವರಿಸುವುದು. ಅದನ್ನು ಕೋಟಿಗೆ ಮಾಡಲಾಗದು, ಸನ್ನದಿಗೆ ಮಾಡಬಹುದು." ಕಾಗದವೂ ಮುದ್ರೆಯೂ ಅವನ ಕೈಯಲ್ಲೇ ಇದ್ದವು.

ದೊರೆಗೆ ನಗು ಬಂತು. ನಗಲು ಕೋಟಿನಲ್ಲಿ ಜಾಗವಿರಲಿಲ್ಲ.

ಸಾಹೇಬರು ಹೋದ ಮೇಲೆ ರಾಣಿ ಕೇಳಿದಳು: "ಬಿಚ್ಚಿದ ಕೂಲಿ ಎಷ್ಟಾಯಿತು?"

"ಹನ್ನೆರಡು ವರ್ಷದ ಸನ್ನದು."

"ಎಪ್ಪತ್ತರ ಮುದುಕನಿಗೆ ಹನ್ನೆರಡು ವರ್ಷವೇ!"

"ಅದು ಬೆನ್ನಿನ ಹೊಲಿಗೆಗೆ" ಎಂದರು ದೊರೆ. "ಎರಡು ಪಕ್ಕವನ್ನೂ ಬಿಚ್ಚದೆ ಉಸಿರು ಬರಲಿಲ್ಲ. ಒಟ್ಟು ಮೂವತ್ತಾರು."