ಹಿರೇಮದ್ದಿನ ಬೇರಿಗೆ ಕುದುರೆಯ ವಾಸನೆ ಬಂದದ್ದು

ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ನೋಡುತ್ತಿದ್ದ ಕಾಲ. ನದಿಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ. ಗಾಳಿ, ಗಿಡ, ಮೃಗ, ಮನುಷ್ಯ, ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು.

ಆಗ ಉಪ್ಪು ಇದ್ದದ್ದು ಸಮುದ್ರದ ದಡದಲ್ಲಿ ಮಾತ್ರ. ಒಳನಾಡಿನಲ್ಲಿ ಒಂದು ಹರಳೂ ಇರಲಿಲ್ಲ. ಹಸುಗಳು ಕಲ್ಲು ನೆಕ್ಕುತ್ತಿದ್ದವು. ಜನ ಸಪ್ಪೆ ಗಂಜಿ ಕುಡಿದು ಸಪ್ಪೆ ಮುಖ ಮಾಡಿಕೊಂಡು ಕೂರುತ್ತಿದ್ದರು.

ಉಪ್ಪು ಹೊತ್ತು ತರಲು ಕೆಂಚಿ ಒಪ್ಪಿದಳು.

ಕೆಂಚಿ ಒಂದು ಹೆಣ್ಣು ಕುದುರೆ. ಮೈ ಇಟ್ಟಿಗೆಯ ಕೆಂಪು. ಓಡಿದರೆ ಗಾಳಿ ಹಿಂದೆ ಬೀಳುತ್ತಿತ್ತು. ಮಲಗಿದರೆ ನಾಲ್ಕೂ ಕಾಲು ಚಾಚಿ, ಹೊಟ್ಟೆಯನ್ನು ಬಿಸಿಲಿಗೆ ಕೊಟ್ಟು, ಗೊರಕೆ ಹೊಡೆಯುತ್ತಿದ್ದಳು. ಆ ಕಾಲದಲ್ಲಿ ಕುದುರೆಗಳೆಲ್ಲ ಹಾಗೆಯೇ ಮಲಗುತ್ತಿದ್ದವು.

ಉಪ್ಪು ಮಾರಲು ನಿಂತವನು ಮುದ್ದಯ್ಯ. ಲೋಕದ ಮೊದಲ ತಕ್ಕಡಿ ಕಟ್ಟಿದವನು ಅವನೇ.

"ಎರಡು ಚೀಲ, ಕೆಂಚವ್ವ," ಅಂದ ಮುದ್ದಯ್ಯ. "ಈ ಪಕ್ಕೆಗೊಂದು, ಆ ಪಕ್ಕೆಗೊಂದು. ತಿಂಗಳಿಗೆ ಒಂದೇ ಸಲ. ಮಿಕ್ಕ ದಿನ ನೀನುಂಟು, ಹುಲ್ಲುಂಟು. ಹುರುಳಿ ನನ್ನದು."

"ಎರಡರ ಮೇಲೆ ಇಲ್ಲ ತಾನೆ, ಅಣ್ಣ?"

"ತಕ್ಕಡಿ ಮೇಲೆ ಆಣೆ."

ಒಪ್ಪಂದ ಸರಿಯಾಗಿಯೇ ಇತ್ತು. ಅದಕ್ಕೆ ನಾನಾದರೂ ಹೆಬ್ಬೆಟ್ಟು ಒತ್ತುತ್ತಿದ್ದೆ. ಮುದ್ದಯ್ಯ ತೂಕದಲ್ಲಿ ಮೋಸ ಮಾಡುವವನೂ ಅಲ್ಲ. ತೂಕದಲ್ಲಿ ಮೋಸ ಮಾಡುವವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ. ಮುದ್ದಯ್ಯ ಸಿಕ್ಕಿಬೀಳುವ ಜಾತಿಯವನಲ್ಲ.

ಮೊದಲ ಸಲ ಉಪ್ಪು ಬಂತು. ಊರಿಗೆ ಊರೇ, ಕಾಡಿಗೆ ಕಾಡೇ ಸಾಲು ನಿಂತಿತು. ಸಾಲಿನ ಮುಂದೆ ಕರಡಿ, ಕೈಯಲ್ಲಿ ಮುತ್ತುಗದ ಎಲೆಯ ದೊನ್ನೆ. ಮುದ್ದಯ್ಯ ತೂಗಿದ, ಸುರಿದ.

"ಆಯ್ತು, ಹೊರಡು ಕರಡಿಯಣ್ಣ."

ಕರಡಿ ಅಲ್ಲಾಡಲಿಲ್ಲ. "ಹೊರಡೋದು ಹೇಗೆ? ಮೇಲೊಂದು ಹಿಡಿ ಹಾಕು."

"ತೂಕ ಸರಿಯಾಗಿದೆಯಲ್ಲ!"

"ತೂಕ ತೂಕಕ್ಕಾಯ್ತು. ಪ್ರೀತಿಗೆ? ಒಂದು ಹಿಡಿ ಕೊಸರು ಹಾಕದವನದೂ ಒಂದು ಅಂಗಡಿಯಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮುದ್ದಯ್ಯನೂ ನಕ್ಕು ಒಂದು ಹಿಡಿ ಹಾಕಿದ. ಕರಡಿಗೆ ಹಾಕಿದ ಮೇಲೆ ಹಸುವಿಗೆ ಇಲ್ಲ ಅನ್ನಲು ಆಗುತ್ತದೆಯೇ? "ನನಗೊಂದು, ಕರುಗಳಿಗೆ ಮೂರು," ಅಂದಿತು ಹಸು. ಹಾಗೆ ಹಿಡಿ ಹಿಡಿ ಹೋಗಿ, ಸಾಲು ಮುಗಿಯುವ ಮೊದಲೇ ಉಪ್ಪು ಮುಗಿಯಿತು. ಕೊನೆಯಲ್ಲಿ ನಿಂತಿದ್ದ ಮೊಲ ಬರಿಗೈಲಿ ಹೋಯಿತು.

ಮುಂದಿನ ತಿಂಗಳು ಸಮುದ್ರದ ದಡದಲ್ಲಿ ಮುದ್ದಯ್ಯ ಎರಡು ಚೀಲ ತೂಗಿ ಹೇರಿದ. ಆಮೇಲೆ ಒಂದು ಬಟ್ಟೆ ಬಿಚ್ಚಿ, ಕೈಯಲ್ಲೇ ಉಪ್ಪು ಬಾಚಿ, ಗಂಟು ಕಟ್ಟಿ, ಕೆಂಚಿಯ ಬೆನ್ನಿನ ನಡುವೆ ಇಟ್ಟ.

"ಇದೇನಣ್ಣ ಮೂರನೇದು?"

"ಇದಾ? ಇದು ಕೊಸರು."

"ಭಾರ ಇದೆಯಲ್ಲ."

"ನಾನು ತಕ್ಕಡಿಗೆ ಹಾಕಿದ್ನಾ? ನೀನೇ ನೋಡ್ತಾ ಇದ್ದೆ."

"ಇಲ್ಲ."

"ತಕ್ಕಡಿಗೆ ಹಾಕದ್ದಕ್ಕೆ ತೂಕ ಎಲ್ಲಿಂದ ಬರುತ್ತವ್ವ?"

ಕೆಂಚಿ ಯೋಚಿಸಿದಳು. ಮಾತು ಸರಿ ಅನ್ನಿಸಿತು. ನಡೆದಳು.

ಗಂಟು ತಿಂಗಳಿಂದ ತಿಂಗಳಿಗೆ ಬೆಳೆಯಿತು. ಒಂದು ಹಿಡಿ ಕೇಳಿದವರು ಎರಡು ಹಿಡಿ ಕೇಳಿದರು. ಕೊಸರಿನ ಮೇಲೂ ಕೊಸರು ಕೇಳಿತು ಕರಡಿ. ಕೆಂಚಿಯ ಬೆನ್ನು ನೋಯಲು ಹತ್ತಿತು. ಪ್ರತಿ ಸಲವೂ ಅವಳು ತಕ್ಕಡಿ ನೋಡುತ್ತಿದ್ದಳು. ಎರಡು ಚೀಲ, ಮೊದಲಿನ ತೂಕವೇ. ಒಂದು ಹರಳು ಹೆಚ್ಚಿಲ್ಲ.

"ಭಾರ ಮೊದಲಿನಷ್ಟೇ ಇದೆ," ಅಂದುಕೊಂಡಳು ಕೆಂಚಿ. "ಹಾಗಾದರೆ ಸೋತಿರುವವಳು ನಾನೇ."

ನೋಡಿ, ಅವಳು ಎಡವಿದ್ದು ಇಲ್ಲಿ. ದಾರಿಯಲ್ಲಲ್ಲ.

ಅವಳಿಗೆ ನಿದ್ದೆ ಹಾರಿಹೋಯಿತು. ಎಲೆ ಅಲ್ಲಾಡಿದರೆ ಬೆಚ್ಚುತ್ತಿದ್ದಳು. ಬಾಯಿಗೆ ಹಾಕಿದ ಹುರುಳಿಯನ್ನು ಅಗಿಯಲು ಮರೆತು ನಿಲ್ಲುತ್ತಿದ್ದಳು. ದಾರಿಯಲ್ಲಿ ದಣಿದರೂ ಮಲಗಲಿಲ್ಲ. ಮೂರು ಹೇರಿನ ಜೊತೆ ಮಲಗಿದರೆ ಮತ್ತೆ ಏಳಲಾಗುವುದಿಲ್ಲ ಅನ್ನುವ ಭಯ. ನಿಂತಲ್ಲೇ ಕಣ್ಣು ಮುಚ್ಚುವುದು ಕಲಿತಳು. ಅವಳನ್ನು ನೋಡಿ ಮಿಕ್ಕ ಕುದುರೆಗಳೂ ಕಲಿತವು.

ಒಂದು ದಿನ ಕಲ್ಲುದಿಬ್ಬದ ಹತ್ತಿರ ಅವಳ ಕಾಲುಗಳು ಸೋತು ನಿಂತುಬಿಟ್ಟವು. ಆ ದಿಬ್ಬದ ಮೇಲೆ ಒಂದು ಮೋಟು ಗಿಡ ಇತ್ತು. ಬೂದಿ ಬಣ್ಣದ ಎಲೆ. ಹೂವು ಇದ್ದರೂ ಇಲ್ಲದಂತೆ. ಅದಕ್ಕೆ ಹೆಸರಿರಲಿಲ್ಲ, ಹತ್ತಿರ ಬರುವವರೂ ಇರಲಿಲ್ಲ. ಅದರ ಬೇರು ಮಾತ್ರ ಆಗ ಕಬ್ಬಿನಷ್ಟು ಸಿಹಿ. ವಾಸನೆಯೇ ಇರಲಿಲ್ಲ.

"ಬೆನ್ನ ಮೇಲೆ ಏನೇ ಅದು?" ಅಂತ ಕೇಳಿತು ಗಿಡ.

"ಎರಡು ಚೀಲ ಉಪ್ಪು."

"ನನಗೆ ಮೂರು ಕಾಣಿಸ್ತಿದೆ."

"ಮೂರನೇದು ಕೊಸರು. ಅದು ತೂಕಕ್ಕೆ ಬರಲ್ಲ."

"ಯಾರು ಹೇಳಿದ್ದು ನಿಂಗೆ?"

"ಮುದ್ದಯ್ಯಣ್ಣ."

"ಅವನು ಹೊತ್ತಿದ್ದಾನಾ?"

ಕೆಂಚಿ ಕತ್ತು ತಿರುಗಿಸಿ ಗಂಟು ನೋಡಿದಳು. ಗಿಡ ಹೇಳಿತು: "ನನ್ನ ಬೇರು ತಿಂದರೆ ನಿದ್ದೆ ಬರುತ್ತೆ, ಎದ್ದರೆ ಬಲ ಬರುತ್ತೆ. ಆದರೆ ಮೊದಲು ಭಾರ ಇಳಿಸು. ನಾನು ಇಳಿಸಿದವರಿಗೆ ಮದ್ದು, ಹೊತ್ತವರಿಗಲ್ಲ."

"ಇಳಿಸಿದರೆ ಹೊತ್ತಾಗುತ್ತೆ. ಸಾಲು ನಿಂತಿರುತ್ತೆ," ಅಂದಳು ಕೆಂಚಿ. ಹೊತ್ತುಕೊಂಡೇ ಬೇರು ತಿಂದಳು. ನಿಂತುಕೊಂಡೇ ಒಂದು ಗಳಿಗೆ ನಿದ್ದೆ ಮಾಡಿದಳು. ಎದ್ದಾಗ ಕಣ್ಣಲ್ಲಿ ಹೊಳಪಿತ್ತು. ಅಂದು ಹೊತ್ತಿಗೆ ಮುಂಚೆಯೇ ಊರು ಮುಟ್ಟಿದಳು.

ಮುದ್ದಯ್ಯ ಆ ಹೊಳಪು ನೋಡಿದ. ವ್ಯಾಪಾರಿಯ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ. "ಏನು ತಿಂದೆ?" ಅಂದ. ಅವಳು ಹೇಳಿದಳು. ಮರುದಿನವೇ ದಿಬ್ಬ ಹತ್ತಿ ಗಿಡದ ಮುಂದೆ ಕೈ ಮುಗಿದ.

"ಇಷ್ಟು ದೊಡ್ಡ ಗುಣ ಇಟ್ಟುಕೊಂಡು ಈ ಕಲ್ಲಲ್ಲಿ ಯಾಕಪ್ಪ ಅಡಗಿದ್ದೀಯ? ನಿನಗೊಂದು ಹೆಸರು ಕೂಡ ಇಲ್ಲವಲ್ಲ!"

"ಯಾರೂ ಇಡಲಿಲ್ಲ," ಅಂದಿತು ಗಿಡ.

"ನಾನಿಡ್ತೀನಿ. ಮದ್ದುಗಳಲ್ಲೆಲ್ಲ ಹಿರಿಯ ಮದ್ದು ನೀನು. ಹಿರೇಮದ್ದು. ಹೋದ ಊರಲ್ಲೆಲ್ಲ ಈ ಹೆಸರು ಹೇಳ್ತೀನಿ. ನೀನು ದಿನಕ್ಕೊಂದು ಬೇರು ಕೊಡು. ನನಗಲ್ಲ, ಪಾಪ, ಆ ಕುದುರೆಗೆ."

ಗಿಡಕ್ಕೆ ಕೇಳಬೇಕಾದ ಪ್ರಶ್ನೆ ಗೊತ್ತಿತ್ತು: ಆ ಮೂರನೇ ಗಂಟು ಇಳಿಸುತ್ತೀಯಾ? ಕೇಳಲಿಲ್ಲ. ಹುಟ್ಟಿದಾಗಿನಿಂದ ಹೆಸರಿಲ್ಲದವರಿಗೆ ಹೆಸರು ಸಿಕ್ಕಾಗ ಬಾಯಿ ಕಟ್ಟುತ್ತದೆ. "ಹಿರೇಮದ್ದು," ಅಂತ ತನ್ನಷ್ಟಕ್ಕೇ ಎರಡು ಸಲ ಹೇಳಿಕೊಂಡಿತು. ಬೇರು ಕೊಟ್ಟಿತು.

ಅಂದಿನಿಂದ ಕೆಂಚಿಯ ಹುರುಳಿಯಲ್ಲಿ ದಿನವೂ ಒಂದು ಬೇರು. ಅವಳ ಬೆನ್ನು ನೆಟ್ಟಗಾಯಿತು. ನಡಿಗೆ ಚುರುಕಾಯಿತು. ಮುದ್ದಯ್ಯ ಲೆಕ್ಕ ಹಾಕಿದ: ಬಲ ಹೆಚ್ಚಿದೆ, ಹಾಗಾದರೆ ಇನ್ನಷ್ಟು ಹೊರಬಲ್ಲಳು. ಅವನಿಗೆ ಅವಳ ಮೇಲೆ ದ್ವೇಷ ಇರಲಿಲ್ಲ. ಖಾಲಿ ಜಾಗ ಕಂಡರೆ ಸರಕು ಇಡುವುದು ಅಂಗಡಿಯವನ ಕೈಗೆ ಅಂಟಿದ ಅಭ್ಯಾಸ, ನನ್ನ ಕೈಗೂ ಅಂಟಿದೆ. ಗಂಟು ಹೋಗಿ ಚೀಲವಾಯಿತು. ತಿಂಗಳಿಗೆ ಒಂದು ಸಲ ಬರುತ್ತಿದ್ದದ್ದು ಎರಡಾಯಿತು, ಮೂರಾಯಿತು.

ದಾರಿಯಲ್ಲಿ ಗಾಳಿ ಸಿಕ್ಕಿ, "ಕೆಂಚೀ, ಇಳಿಸೇ ಮಾರಾಯ್ತಿ. ನಿನ್ನ ಉಸಿರು ನನ್ನಷ್ಟೇ ಜೋರಾಗಿದೆ," ಅಂದಿತು.

"ನನಗೇನಾಗಿದೆ? ಬೇರು ಇದೆಯಲ್ಲ," ಅಂತ ಸಿಡುಕಿದಳು ಕೆಂಚಿ.

ನದಿ ದಾಟುವಾಗ ನದಿ ಅವಳ ಕಾಲು ಹಿಡಿದು ಕೇಳಿತು. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ನೀನು ಮೊದಲ ಸಲ ದಾಟಿದಾಗ ನಿನ್ನ ಗೊರಸು ನನ್ನ ಮರಳಲ್ಲಿ ಎರಡು ಬೆರಳು ಇಳಿದಿತ್ತು. ಇವತ್ತು ಒಂದು ಗೇಣು ಇಳಿದಿದೆ. ನಿನ್ನ ಮೈ ನೋಡಿದರೆ ಮೂಳೆ ಕಾಣಿಸ್ತಿದೆ. ಹಾಗಾದರೆ ಹೆಚ್ಚಿದ್ದು ಏನು?"

ಕೆಂಚಿ ನದಿಯ ನಡುವೆಯೇ ನಿಂತಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳಿಗೆ ತಾನು ಸೋತಿಲ್ಲ ಅನ್ನಿಸಿತು. ಆ ಸಂತೋಷದಲ್ಲೇ ಊರಿಗೆ ಹೋಗಿ ಮುದ್ದಯ್ಯನ ಮುಂದೆ ನಿಂತಳು.

"ಅಣ್ಣ, ಕೊಸರಿಗೂ ತೂಕ ಇದೆಯಂತೆ. ನದಿ ಹೇಳಿತು. ನನ್ನ ಗೊರಸು ಒಂದು ಗೇಣು ಇಳೀತಿದೆಯಂತೆ. ಮುಂದಿನ ಸಲ ಆ ಚೀಲ ಬೇಡ. ಇಲ್ಲ ಅಂದ್ರೆ ನಾನು ಉಳಿಯಲ್ಲ."

"ನದಿ ಹತ್ರ ತಕ್ಕಡಿ ಇದೆಯಾ?"

"ಇಲ್ಲ."

"ಮತ್ತೆ?" ಮುದ್ದಯ್ಯ ಅವಳ ಕುತ್ತಿಗೆ ಸವರಿದ. "ನೀನು ತಲೆ ಬಿಸಿ ಮಾಡಿಕೊಂಡಿದ್ದೀಯ, ಅಷ್ಟೇ. ನಾಳೆಯಿಂದ ಎರಡು ಬೇರು ಹಾಕಿಸ್ತೀನಿ."

ಎರಡು ಬೇರು ಹಾಕಿಸಿದ. ಮುಂದಿನ ಸಲ ಚೀಲವನ್ನೂ ಹಾಕಿದ.

ಸಾಲಿನಲ್ಲಿ ನಿಲ್ಲುತ್ತಿದ್ದವರಿಗೆ ಇದೊಂದೂ ಗೊತ್ತಿರಲಿಲ್ಲವೇ? ಕೆಂಚಿಯ ಪಕ್ಕೆಲುಬು ಎಲ್ಲರಿಗೂ ಕಾಣುತ್ತಿತ್ತು. "ಅಯ್ಯೋ ಪಾಪ," ಅನ್ನುತ್ತಿದ್ದರು. ಅಂದು, ದೊನ್ನೆ ಚಾಚುತ್ತಿದ್ದರು.

ಆ ಸಲ ಬಿಸಿಲು ಜೋರಿತ್ತು. ಕಲ್ಲುದಿಬ್ಬದ ಹತ್ತಿರ ಬರುವಾಗ ಕೆಂಚಿಯ ಮೈಯಿಂದ ಬೆವರು ಹರಿಯುತ್ತಿತ್ತು. ಮುದ್ದಯ್ಯ ಬಹಳ ಹಿಂದೆ, ಕೊಡೆ ಹಿಡಿದು ಬರುತ್ತಿದ್ದ. ಹಿರೇಮದ್ದಿನ ಗಿಡದ ಬುಡದಲ್ಲೇ ಅವಳ ಮುಂಗಾಲು ಮಡಚಿತು. ಅವಳು ಮಲಗಿದಳು.

ಗಿಡ ಗಾಬರಿಯಾಗಿ ಬೇರು ಮೇಲೆತ್ತಿತು. "ತಗೋ, ತಿನ್ನು, ತಿನ್ನು ಕೆಂಚಿ."

"ಬೇಡ," ಅಂದಳು ಕೆಂಚಿ. "ಇಳಿಸು."

ಗಿಡಕ್ಕೆ ಕೈ ಎಲ್ಲಿದೆ? ಗಾಳಿಯನ್ನು ಕರೆಯಿತು. ಗಾಳಿ ಓಡಿ ಬಂದು ಚೀಲಗಳನ್ನು ತಳ್ಳಿತು. ಧೂಳು ಎದ್ದಿತೇ ಹೊರತು ಹಗ್ಗ ಬಿಚ್ಚಲಿಲ್ಲ. ಅದು ಮುದ್ದಯ್ಯ ಹಾಕಿದ ಗಂಟು. ಕೆಂಚಿಯ ಬೆವರು ಮಣ್ಣಿಗೆ ಇಳಿಯಿತು. ಮಣ್ಣಿನೊಳಗೆ ಗಿಡದ ಬೇರು ಇತ್ತು. ಕುಡಿಯುವುದಿಲ್ಲ ಅನ್ನಲು ಬೇರಿಗೆ ಬರುವುದಿಲ್ಲ. ಹನಿ ಹನಿಯೂ ಕುಡಿಯಿತು.

ಮುದ್ದಯ್ಯ ಬಂದ. ನೋಡಿದ. ಕೊಡೆ ಬಿಸಾಡಿ ಓಡಿ ಬಂದು ಹಗ್ಗ ಬಿಚ್ಚಿದ. ಮೂರೂ ಚೀಲ ಸರಸರ ಇಳಿಸಿದ.

"ಅಯ್ಯಯ್ಯೋ, ಉಪ್ಪು ನೆನೆಯುತ್ತಲ್ಲಪ್ಪ!" ಅಂದ.

ಕೆಂಚಿಗೆ ಬೆನ್ನು ಹಗುರಾದದ್ದು ಗೊತ್ತಾಯಿತು. ನಾಲ್ಕೂ ಕಾಲು ಚಾಚಿದಳು. ಅಷ್ಟೇ.

ಮುದ್ದಯ್ಯ ಅತ್ತ ಅನ್ನುತ್ತಾರೆ. ಅತ್ತಿರಬಹುದು. ಒಂದು ವಾರದ ಮೇಲೆ ಇನ್ನೊಂದು ಕುದುರೆ ತಂದ. ಅದಕ್ಕೆ ಬೇರು ಬೇಕು ಅಂತ ದಿಬ್ಬ ಹತ್ತಿದ.

ಬೇರು ಕಿತ್ತ, ಮುರಿದ, ಮೂಸಿದ. ದೂರ ಹಿಡಿದ. ಕುದುರೆಯ ವಾಸನೆ. ಲಾಯದ್ದಲ್ಲ, ದಿನವಿಡೀ ನಡೆದ ಕುದುರೆಯ ಬೆವರಿನ ವಾಸನೆ. ನಾಲಗೆಗೆ ಮುಟ್ಟಿಸಿದರೆ ಕಹಿ. ಹೊಸ ಕುದುರೆ ಒಂದು ಸಲ ಮೂಸಿ ಹಿಂದಕ್ಕೆ ಸರಿಯಿತು.

"ಇನ್ನು ಹೀಗೇ," ಅಂದಿತು ಗಿಡ. "ನನ್ನನ್ನು ಬಾಯಿಗಿಡುವ ಮೊದಲು ಎಲ್ಲರೂ ಕೆಂಚಿಯನ್ನ ಮೂಸಲಿ. ಮೂಸಿ, ತಮ್ಮ ಬೆನ್ನ ಮೇಲೇನಿದೆ ಅಂತ ಕೇಳಿಕೊಳ್ಳಲಿ. ಇನ್ನು ಒಂದೇ ದಿನಕ್ಕೆ ಬಲವನ್ನೂ ಕೊಡಲ್ಲ. ವಾರಗಟ್ಟಲೆ ಕಾಯಲಿ. ಕಾಯುವಾಗಲಾದರೂ ಕೂತು ಯೋಚಿಸಲಿ."

ಗಿಡ ತನ್ನ ಸೇಡು ತೀರಿತು ಅಂದುಕೊಂಡಿತು. ಅದಕ್ಕೆ ಅಂಗಡಿ ಗೊತ್ತಿರಲಿಲ್ಲ.

ಮುದ್ದಯ್ಯ ಬೇರನ್ನು ಕೈಯಲ್ಲಿ ಹಿಡಿದು ದಿಬ್ಬದ ಮೇಲೆ ಸ್ವಲ್ಪ ಹೊತ್ತು ಕೂತ. ಬಹಳ ಹೊತ್ತೇನಲ್ಲ. ಎದ್ದು, ಬೇರುಗಳನ್ನೆಲ್ಲ ಕಿತ್ತು, ಒಣಗಿಸಿ, ಕುಟ್ಟಿ ಪುಡಿ ಮಾಡಿಸಿದ. ಕುದುರೆ ತಿನ್ನದಿದ್ದರೆ ಬೇಡ. ಊರಿನ ನಡುವೆ ನಿಂತು ಕೂಗಿದ.

"ಅಶ್ವಗಂಧ! ಅಶ್ವಗಂಧ! ಮೂಸಿ ನೋಡಿ, ಸಾಕ್ಷಾತ್ ಕುದುರೆ! ತಿಂದವರಿಗೆ ಕುದುರೆಯ ಬಲ!"

ಜನ ಮೂಸಿದರು. "ಹೌದಲ್ಲ, ಕುದುರೆಯೇ!" ಅಂದರು. ತಲೆಯ ಮೇಲೆ ಎರಡು ಕೊಡ ಹೊತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿದಳು. "ಕಹಿ ಅಂತಲ್ಲ, ಯಜಮಾನ್ರೆ?"

"ಬಿಸಿ ಹಾಲಿಗೆ ಹಾಕಿ, ಬೆಲ್ಲ ಕದಡಿ, ಮೂಗು ಹಿಡಿದು ಕುಡಿ ತಾಯಿ. ಗೊತ್ತೇ ಆಗಲ್ಲ."

"ತಿಂದ್ರೆ ಭಾರ ಇಳಿಯುತ್ತಾ?"

"ಇಳಿಯಲ್ಲ. ಇನ್ನೊಂದು ಕೊಡ ಹೊರಬಹುದು."

ಅವಳು ಎರಡು ಪೊಟ್ಟಣ ತೆಗೆದುಕೊಂಡಳು.

ಆ ಬೇರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಮಕ್ಕಳೇ. ಇಳಿಸಿ ಕೂತವರಿಗೆ ಅದು ಇವತ್ತಿಗೂ ಮದ್ದೇ ಇರಬಹುದು. ಇಳಿಸಿ ಬಂದವರನ್ನು ನನ್ನ ಅಂಗಡಿಯ ಮುಂದೆ ನಾನಂತೂ ಕಂಡಿಲ್ಲ. ಅದಕ್ಕೇ ಇವತ್ತಿಗೂ ನಿಮ್ಮ ಮನೆಯ ಡಬ್ಬಿ ತೆರೆದು, ಒಂದು ಚಮಚ ಅಶ್ವಗಂಧದ ಪುಡಿ ಹಾಲಿಗೆ ಹಾಕುವಾಗ ಗಮ್ಮನೆ ಮೂಗಿಗೆ ಬಡಿಯುತ್ತದಲ್ಲ, ಅದನ್ನು ದೊಡ್ಡವರು ಕುದುರೆಯ ಬಲ ಅನ್ನುತ್ತಾರೆ. ಅದು ಕುದುರೆಯ ಬೆವರು.