ತಂತಿ ಪಂಡಿತನ ಬದಲಿ ಪೆಟ್ಟಿಗೆ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಿದವರಿಗೆ ಕತೆಯಿಲ್ಲ, ಒಬ್ಬ ರಾಜನಿದ್ದ. ಅವನಿಗೆ ಸೊಳ್ಳೆ ಸಂಗೀತದ ಹುಚ್ಚು. ಅವನ ಬಲಗಡೆಯ ಮಣೆಯಲ್ಲಿ ತಂತಿ ಪಂಡಿತ ತಿರುಮಲಯ್ಯ ಕೂರುತ್ತಿದ್ದ. ಎಂಥ ಸಿಕ್ಕುಸಿಕ್ಕಾದ ತಂತಿಜಾಲ ತಂದರೂ ಸರಿ, "ಇದು ಬರೀ ಒಂದು ಬ್ಯಾಟರಿ, ಕರೆಂಟಿಗೆ ಅಡ್ಡ ನಿಲ್ಲುವ ಒಂದು ತಡೆ" ಎಂದು ಬಿಡಿಸಿ ಹೇಳುವ ಜಾಣ.

ಒಂದು ದಿನ ಮೂರು ಕಾಲಿನ ಕಲ್ಲಿನ ಚೂರೊಂದು ಕುಂಟುತ್ತಾ ಆಸ್ಥಾನಕ್ಕೆ ಬಂತು. ಟ್ರಾನ್ಸಿಸ್ಟರ್ ಅಂತ ಹೆಸರು. ಒಂದು ಕಾಲಿಗೆ ಸೊಳ್ಳೆಯ ಗುಂಯ್ ಕೊಟ್ಟರೆ ಇನ್ನೊಂದು ಕಾಲಲ್ಲಿ ನಾಗಸ್ವರ! ರಾಜ ಕುಣಿದಾಡಿಬಿಟ್ಟ. ಪಂಡಿತನನ್ನು ಎಬ್ಬಿಸಿ ಆ ಮಣೆಯ ಮೇಲೆ ಕಲ್ಲನ್ನು ಕೂರಿಸಿದ.

ಪಂಡಿತನ ಹೊಟ್ಟೆಗೆ ಕಿಚ್ಚು ಬಿತ್ತು. ಹೆಸರುಕಾಳಿನಷ್ಟಿಲ್ಲ, ಇದಕ್ಕೆ ನನ್ನ ಮಣೆ!

"ಮಹಾಸ್ವಾಮಿ, ಕಲ್ಲಿನ ಹೊಟ್ಟೆಯೊಳಗೆ ಏನಿದ್ದರೇನು? ಒಳಗೆ ಏನು ಹೋಯ್ತು, ಹೊರಗೆ ಏನು ಬಂತು, ಅಷ್ಟೇ ಲೆಕ್ಕ. ಅದೇ ಕೆಲಸದ ಪೆಟ್ಟಿಗೆ ನಾನು ಮಾಡ್ತೀನಿ."

ಎರಡು ತಡೆ, ಸದ್ದಿಗೆ ತಕ್ಕಂತೆ ಕುಣಿಯುವ ಒಂದು ಬ್ಯಾಟರಿ ಸೇರಿಸಿ ಪೆಟ್ಟಿಗೆ ಕಟ್ಟಿದ. ಸೊಳ್ಳೆ ಬಿಟ್ಟರು. ನಾಗಸ್ವರ ಬಂತು.

"ಹಾಗಾದ್ರೆ ಕಲ್ಲು ಬೇಡ" ಎಂದ ರಾಜ.

ಕಲ್ಲು ಮಣೆಯಿಂದಿಳಿಯುತ್ತಾ ಹೇಳಿತು: "ಸ್ವಾಮಿ, ನ್ಯಾಯ ಎಲ್ಲರಿಗೂ ಒಂದೇ ಅಲ್ವಾ? ಪಂಡಿತರಿಗೂ ಬದಲಿ ಪೆಟ್ಟಿಗೆ ಮಾಡಿಸಿ."

ರಾಜನಿಗೆ ಸರಿ ಕಂಡಿತು. ಪಂಡಿತನನ್ನು ಅಳೆದರು. ಬೇರೆಯವರ ಹೊಗಳಿಕೆ ಕಿವಿಗೆ ಹೋದರೆ ಬಾಯಲ್ಲಿ ಗುರ್ರ್. ಬಾಯಿಗೆ ಹೋಳಿಗೆ ಹೋದರೂ ಗುರ್ರ್. ಕಿಚ್ಚಿನ ಬ್ಯಾಟರಿ ಒಂದು, ಹಟದ ತಡೆ ಒಂದು, ಪೆಟ್ಟಿಗೆ ಸಿದ್ಧ. ಮಣೆ ಅದರ ಪಾಲಾಯಿತು. ಸಂಜೆ ಪಲ್ಲಕ್ಕಿ ಏರಿ ಪಂಡಿತನ ಮನೆಗೂ ಅದೇ ಹೋಯಿತು.

ಪಂಡಿತ ಬಾಗಿಲು ಬಡಿದ. ಹೆಂಡತಿ ಅಚ್ಚಮ್ಮ ಇಣುಕಿದಳು.

"ನೀವ್ಯಾರು? ನಮ್ಮ ಯಜಮಾನ್ರು ಒಳಗಿದಾರಲ್ಲ! ಏನು ಬಡಿಸಿದ್ರೂ ಗುರ್ರ್ ಅಂತಾರೆ. ಅವರೇ."

ಪಂಡಿತ ಜಗಲಿಯಲ್ಲಿ ಕೂತು ಕೊತಕೊತ ಕುದ್ದ. ಮಣೆಯೂ ಅದಕ್ಕೆ, ಮನೆಯೂ ಅದಕ್ಕೆ! ತನ್ನನ್ನು ಕಂಡು ತನಗೇ ಹೊಟ್ಟೆಕಿಚ್ಚು.

ಆಗ ಒಳಗಿಂದ ಪೆಟ್ಟಿಗೆ ಗುರುಗುಟ್ಟಿತು: "ಪುಣ್ಯವಂತ! ತಣ್ಣಗೆ ಗಾಳಿಗೆ ಕೂತಿದಾನೆ. ನನಗೆಲ್ಲಿ ಬರಬೇಕು ಆ ಸುಖ?"

ಪಂಡಿತ ಕಿವಿ ನಿಮಿರಿಸಿದ. ಹುಟ್ಟಿದಾಗಿನಿಂದ ಅವನನ್ನು ಕಂಡು ಯಾರೂ ಕರುಬಿರಲಿಲ್ಲ. ಹೊಟ್ಟೆ ತಂಪಾಯಿತು. ಉಣ್ಣದೆಯೇ ತೇಗಿದ. ಕಿಟಕಿಗೆ ಬಾಯಿಟ್ಟು, "ಇನ್ನೊಂದ್ಸಲ ಹೇಳಪ್ಪ" ಎಂದ.

ಇದರ ನೀತಿ: ಯಾರಾದರೂ ನಿಮ್ಮನ್ನು ಕಂಡು ಕರುಬಿದರೆ ಬೈಯಬೇಡಿ, ಎಲೆ ಹಾಕಿ ಊಟಕ್ಕೆ ಕರೆದ ಹಾಗೆ ಅದು. ಕೇಳಿದವರಿಗೆ ಕಡಲೆ, ಹೇಳಿದವನಿಗೆ ಬೆಲ್ಲ, ನಂಬಿದವರಿಗೆ ಬರೀ ಸಿಪ್ಪೆ.